ಮನೆಯಲ್ಲೇ ಮಾಡುವ ಶವಪೆಟ್ಟಿಗೆಯ ಕಿಟ್: ಮರಕ್ಕೆ 9 ಅಂಕ, ಪುಸ್ತಿಕೆಗೆ 4

ಷಟ್ಕೋನದ ಒಳಕೋನಗಳ ಮೊತ್ತ 720 ಡಿಗ್ರಿ. ಮೂವತ್ತೊಂದು ವರ್ಷ ಮಕ್ಕಳಿಗೆ ಇದನ್ನು ಹೇಳಿಕೊಟ್ಟು ನಿವೃತ್ತಳಾದವಳು ನಾನು. ಈ ಕಿಟ್ ಜೊತೆಗೆ ಬಂದ ಪುಸ್ತಿಕೆಯ ಹನ್ನೊಂದನೇ ಪುಟದಲ್ಲಿರುವ ಆರು ಕೋನಗಳನ್ನು ಕೂಡಿಸಿದರೆ 700 ಬರುತ್ತದೆ. ತಲೆಯ ಕಡೆಯ ಎರಡು ಮೂಲೆಗೆ 105, ಭುಜದ ಎರಡಕ್ಕೆ 150, ಕಾಲಿನ ಕಡೆಯ ಎರಡಕ್ಕೆ 95 ಎಂದು ಅಚ್ಚು ಹಾಕಿದ್ದಾರೆ. ಭುಜದ್ದು 160 ಇರಬೇಕಿತ್ತು. ಅಚ್ಚಿನ ದೋಷವೇ ಇರಬಹುದು. ಆದರೆ ಅದನ್ನು ನಂಬಿ ಹಲಗೆ ಕೊಯ್ದರೆ ಪೆಟ್ಟಿಗೆಯ ತುದಿಗಳು ಜನ್ಮದಲ್ಲಿ ಕೂಡುವುದಿಲ್ಲ. ಕೊಳ್ಳುವವರು ಪೊಟ್ಟಣ ಬಿಚ್ಚಿದ ಕೂಡಲೇ ಆ ಪುಟವನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಲಿ ಎಂದು ಇದನ್ನೇ ಮೊದಲು ಬರೆದಿದ್ದೇನೆ. ತಯಾರಕರಿಗೂ ಲೆಕ್ಕ ಸಮೇತ ಪತ್ರ ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಉತ್ತರ ಬಂತು. ನಾನು ಕಳಿಸಿದ್ದು ಅಭಿಪ್ರಾಯವಾಗಿರಲಿಲ್ಲ.

ನನಗೀಗ ಅರವತ್ತಾರು. ಕಾಯಿಲೆಯೇನೂ ಇಲ್ಲ; ಓದುವವರು ಮರುಗುವುದು ಬೇಡ. ಅಪ್ಪ ತೀರಿಕೊಂಡ ದಿನ ಹತ್ತು ನಿಮಿಷದಲ್ಲಿ ಒಂದು ಪೆಟ್ಟಿಗೆ ಆರಿಸಬೇಕಾಗಿ ಬಂತು. ಚಿತ್ರದಲ್ಲಿ ಹೊಳೆಯುತ್ತಿತ್ತು, ಬಂದಾಗಲೂ ಹೊಳೆಯುತ್ತಿತ್ತು. ಹತ್ತಿರ ಕುಳಿತು ಅದರ ಅಂಚನ್ನು ಸವರುತ್ತಿದ್ದಾಗ ಮೂಲೆಯ ಮರ ನನ್ನ ಉಗುರಿಗೆ ಸಿಕ್ಕು ಎದ್ದಿತು. ಮರವಲ್ಲ, ಮರದ ಚಿತ್ರವಿರುವ ಕಾಗದ. ಒಳಗೆ ಒತ್ತಿದ ಹೊಟ್ಟಿನ ಹಲಗೆ. ಅಪ್ಪ ಜೀವಮಾನವಿಡೀ ಸುಳ್ಳು ಸಾಮಾನು ಮನೆಗೆ ತಂದವರಲ್ಲ. ನನ್ನದನ್ನು ನಾನೇ ಮಾಡಿಕೊಳ್ಳುತ್ತೇನೆ ಎಂಬ ಯೋಚನೆ ಅಂದೇ ಬಂದಿತ್ತು. ತಮ್ಮನಿಗೆ ಹೇಳಿದಾಗ ‘ಅಕ್ಕ, ನಿನಗೆ ಬೇರೆ ಕೆಲಸವಿಲ್ಲವೇ’ ಎಂದ. ನ್ಯೂಜಿಲೆಂಡಿನ ರೋಟೊರುವಾದಲ್ಲಿ 2010ರಿಂದ ಹಿರಿಯರು ಗುಂಪು ಕೂಡಿ ತಮ್ಮ ಪೆಟ್ಟಿಗೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದಾರೆ, ಚಹಾ ಕುಡಿದು ನಗುತ್ತಾ ಬಣ್ಣ ಬಳಿಯುತ್ತಾರೆ ಎಂದು ತೋರಿಸಿದ ಮೇಲೆ ಅವನ ಗರಗಸಗಳನ್ನು ತಂದುಕೊಟ್ಟ. ಮಗಳು ಮಾತ್ರ ಆ ವಿಷಯ ಎತ್ತಿದರೆ ಕೋಣೆಯಿಂದ ಎದ್ದು ಹೋಗುತ್ತಿದ್ದಳು.

ಕಿಟ್‌ನಲ್ಲಿ ಏನೇನಿದೆ: 19 ಮಿಲಿಮೀಟರ್ ದಪ್ಪದ ಪೈನ್ ಹಲಗೆಗಳು, ನಿಜ ಗಾತ್ರದ ಕಾಗದದ ನಕ್ಷೆ, ಇಪ್ಪತ್ತನಾಲ್ಕು ಪುಟದ ಪುಸ್ತಿಕೆ, ಮರದ ಅಂಟು, ಮರದ ಬೆಣೆಗಳು, ಹತ್ತಿಯ ಹಗ್ಗ, ಒಂದು ಬಾಟಲಿ ಅಗಸೆ ಎಣ್ಣೆ. ತಳಕ್ಕೂ ಮುಚ್ಚಳಕ್ಕೂ ಅಗಲ ಹಲಗೆಗಳನ್ನು ಪಟ್ಟಿಪಟ್ಟಿಯಾಗಿ ಅಂಟಿಸಿ ಕಳಿಸುತ್ತಾರೆ. ಕೊಯ್ಯುವುದು, ಹತ್ತರಿ ಹೊಡೆಯುವುದು, ಬಾಗಿಸುವುದು, ಜೋಡಿಸುವುದು ಎಲ್ಲವೂ ನಮ್ಮ ಪಾಲಿನದು. ಮೊಳೆ, ಸ್ಕ್ರೂ ಒಂದೂ ಇಲ್ಲ. ಲೋಹವಿರುವ ಪೆಟ್ಟಿಗೆಯನ್ನು ಒಪ್ಪದ ಸ್ಮಶಾನಗಳಿವೆ, ಬಣ್ಣ ಮತ್ತು ವಾರ್ನಿಷ್ ಬೇಡವೆನ್ನುವವೂ ಇವೆ. ಅಳತೆಯ ಮಿತಿಯೂ ಒಂದೊಂದು ಕಡೆ ಒಂದೊಂದು. ಕೊಯ್ಯುವ ಮುಂಚೆ ಕೇಳಿಕೊಳ್ಳಿ ಎಂದು ಪುಸ್ತಿಕೆ ಮೊದಲ ಪುಟದಲ್ಲೇ ಹೇಳಿರುವುದು ಮೆಚ್ಚಬೇಕಾದದ್ದು.

ಮರದ ಬಗ್ಗೆ ದೂರಿಲ್ಲ. ಪೊಟ್ಟಣ ಬಿಚ್ಚಿದಾಗ ಬಂದ ರಾಳದ ವಾಸನೆ ಎರಡು ದಿನ ಮನೆಯಲ್ಲಿತ್ತು. ಎಳೆ ನೇರವಾಗಿದೆ, ಗಂಟುಗಳು ಕಡಿಮೆ, ಇರುವವೂ ಬಿಗಿಯಾಗಿವೆ. ಬಂದ ಕೂಡಲೇ ಕೊಯ್ಯಬೇಡಿ. ಹಲಗೆಗಳ ನಡುವೆ ರಿಪೀಸು ಪಟ್ಟಿಗಳನ್ನಿಟ್ಟು ಹತ್ತು ದಿನ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಬಿಡಿ. ನನ್ನ ಮುಚ್ಚಳದ ಹಲಗೆ ಆ ಹತ್ತು ದಿನದಲ್ಲಿ ತಟ್ಟೆಯ ಹಾಗೆ ತುಸು ಬಾಗಿತು. ಒಳಬದಿಗೆ ಎರಡು ಅಡ್ಡಪಟ್ಟಿ ಕೂರಿಸಿದ ಮೇಲೆ ಸರಿಹೋಯಿತು. ಕೊಯ್ದ ಮೇಲೆ ಬಾಗಿದ್ದರೆ ಅಳುವುದೇ ಗತಿ.

ಇನ್ನು ಅಳತೆ. ಮೂರು ಗಾತ್ರಗಳಲ್ಲಿ ಸಿಗುವ ಈ ಕಿಟ್‌ನಲ್ಲಿ ನಾನು ತರಿಸಿದ್ದು ಚಿಕ್ಕದು. ಒಳಗಿನ ಉದ್ದ 170 ಸೆಂಟಿಮೀಟರ್, ತಲೆಯ ಕಡೆ ಅಗಲ 32, ಭುಜದಲ್ಲಿ 54, ಕಾಲಿನ ಕಡೆ 28. ಭುಜದ ತಿರುವು ತಲೆಯ ಅಂಚಿನಿಂದ 42 ಸೆಂಟಿಮೀಟರಿಗೆ. ನನ್ನ ಎತ್ತರ 158. ಹನ್ನೆರಡು ಸೆಂಟಿಮೀಟರ್ ಹೆಚ್ಚಿಗೆ ಏಕೆ ಎಂದು ನನಗೂ ಅನ್ನಿಸಿತ್ತು. ಮಲಗಿದವರ ಪಾದ ನಿಂತವರ ಪಾದದ ಹಾಗೆ ಮಡಚಿರುವುದಿಲ್ಲ, ಮುಂದಕ್ಕೆ ಜೋಲುತ್ತದೆ. ತಲೆಯ ಕೆಳಗೊಂದು ದಿಂಬೂ ಬರುತ್ತದೆ. ಉದ್ದದ ವಿಷಯದಲ್ಲಿ ಪುಸ್ತಿಕೆ ಸರಿ.

ಅಗಲದಲ್ಲಿ ಎಡವಿದೆ. ‘ಭುಜದಿಂದ ಭುಜಕ್ಕೆ ಅಳೆದು 8 ಸೆಂಟಿಮೀಟರ್ ಸೇರಿಸಿ’ ಎನ್ನುತ್ತದೆ. ನನ್ನ ಭುಜ 41. ಆ ಲೆಕ್ಕಕ್ಕೆ 54 ಧಾರಾಳ. ನಕ್ಷೆಯನ್ನು ನೆಲದ ಮೇಲೆ ಹಾಸಿ ಅದರ ಮೇಲೆ ಮಲಗಿದೆ. ತಮ್ಮ ಪೆನ್ಸಿಲ್ ಹಿಡಿದು ನನ್ನ ಸುತ್ತ ಗೀಟು ಎಳೆಯುತ್ತಾ ಸೊಂಟದ ಹತ್ತಿರ ಬಂದು ನಿಂತ. ‘ಅಕ್ಕ, ಕೈ ಪಕ್ಕಕ್ಕೆ ಚಾಚುತ್ತೀಯೋ, ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತೀಯೋ?’ ಅವನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ, ಸೂರನ್ನು ನೋಡುತ್ತಿದ್ದ. ಹೊಟ್ಟೆಯ ಮೇಲೆ ಎಂದೆ. ಕೈ ಮಡಚಿದ ಕೂಡಲೇ ಮೊಣಕೈ ಎರಡೂ ಹೊರಕ್ಕೆ ಬಂದವು. ಮೊಣಕೈಯಿಂದ ಮೊಣಕೈಗೆ 51. ಅವು ನಿಲ್ಲುವ ಜಾಗವೋ ತಲೆಯ ಅಂಚಿನಿಂದ 63 ಸೆಂಟಿಮೀಟರ್ ಕೆಳಗೆ, ಅಂದರೆ ಪೆಟ್ಟಿಗೆ ಆಗಲೇ ಕಿರಿದಾಗತೊಡಗಿದ ಕಡೆ. ಅಲ್ಲಿ ಒಳಗಿನ ಅಗಲ 50 ಕೂಡ ಇಲ್ಲ. ಮನುಷ್ಯ ಎಲ್ಲಿ ಅತ್ಯಂತ ಅಗಲ ಎಂಬುದನ್ನು ಪುಸ್ತಿಕೆ ಬರೆದವರು ಕುರ್ಚಿಯಲ್ಲಿ ಕುಳಿತು ಊಹಿಸಿದ್ದಾರೆ. ಒಮ್ಮೆ ಮಲಗಿ ನೋಡಿದ್ದರೆ ಸಾಕಿತ್ತು.

ಹಾಗಾಗಿ ನಕ್ಷೆಯ ಹಿಂಬದಿಯಲ್ಲಿ ಹೊಸದನ್ನು ಬರೆದೆ. ಭುಜದಲ್ಲಿ 58 ಮಾಡಿದರೆ ಮೊಣಕೈ ಬರುವಲ್ಲಿ 53 ಸಿಗುತ್ತದೆ, ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಬಿಡುವು. ಕೋನಗಳು ತಲೆಯ ಕಡೆ 107, ಭುಜದಲ್ಲಿ 156, ಕಾಲಿನ ಕಡೆ 97. ಕೂಡಿಸಿ: 360. ಎರಡು ಪಟ್ಟು 720. ಕಪ್ಪುಹಲಗೆಯ ಮುಂದೆ ನಿಂತ ಹಾಗಾಯಿತು, ಕೆಳಗೆ ಎರಡು ಗೆರೆ ಎಳೆದು ಸರಿ ಗುರುತು ಹಾಕಿಕೊಂಡೆ. ತಳದ ಹಲಗೆ 60 ಅಗಲವಿದ್ದುದರಿಂದ ಸಾಲಿತು. ಮುಚ್ಚಳದ ಹಲಗೆ 62 ಮಾತ್ರ. ಪಕ್ಕದ ಹಲಗೆಗಳ ದಪ್ಪ ಸೇರಿ ಪೆಟ್ಟಿಗೆಯ ಹೊರ ಅಗಲವೂ ಅಷ್ಟೇ ಆದ್ದರಿಂದ ಚಿತ್ರದಲ್ಲಿರುವಂತೆ ಅಂಚು ಹೊರಕ್ಕೆ ಚಾಚುವುದಿಲ್ಲ, ಭುಜದಲ್ಲಿ ಪಕ್ಕಕ್ಕೆ ಸಮನಾಗಿ ನಿಲ್ಲುತ್ತದೆ. ನನಗೆ ಅದೇ ಚೆಂದ ಕಂಡಿತು.

ಈ ಕೆಲಸದ ಪ್ರಾಣವೆಲ್ಲ ಭುಜದ ತಿರುವಿನಲ್ಲಿದೆ. ಆಯತಾಕಾರದ ಪೆಟ್ಟಿಗೆ ಯಾರು ಬೇಕಾದರೂ ಮಾಡಬಹುದು, ಅದು ದೊಡ್ಡ ಸಂದೂಕ, ಅಷ್ಟೇ. ಆರು ಮೂಲೆಯದ್ದರಲ್ಲಿ ಪಕ್ಕದ ಉದ್ದನೆಯ ಹಲಗೆ ಒಂದೇ ತುಂಡಾಗಿದ್ದು ಭುಜದಲ್ಲಿ ಬಾಗಬೇಕು. ಹಳೆಯ ಬಡಗಿಗಳ ಉಪಾಯವನ್ನೇ ಪುಸ್ತಿಕೆಯೂ ಹೇಳುತ್ತದೆ: ಒಳಮೈಯಲ್ಲಿ ಗರಗಸದಿಂದ ಅಡ್ಡಲಾಗಿ ಸಮಾನ ದೂರದಲ್ಲಿ ಕೆಲವು ಕೊಯ್ತ ಹಾಕಿ, ಹೊರಮೈಯಲ್ಲಿ 3 ಮಿಲಿಮೀಟರ್ ಮರವನ್ನಷ್ಟೇ ಉಳಿಸಿ, ಕುದಿಯುವ ನೀರು ಹೊಯ್ದು ಮೆಲ್ಲಗೆ ಬಾಗಿಸುವುದು. ಬಾಗಿದಾಗ ಕೊಯ್ತಗಳ ಬಾಯಿ ಮುಚ್ಚಿಕೊಳ್ಳುತ್ತದೆ.

‘ನಾಲ್ಕು ಕೊಯ್ತ’ ಎಂದು ಪುಸ್ತಿಕೆ. ಯಾವ ಗರಗಸದ ನಾಲ್ಕು ಕೊಯ್ತ? ಪ್ರತಿ ಕೊಯ್ತ ಎಷ್ಟು ಡಿಗ್ರಿ ಬಾಗಲು ಬಿಡುತ್ತದೆ ಎಂಬುದು ಅದರ ಅಗಲವನ್ನು ಆಳದಿಂದ ಭಾಗಿಸಿದ ಲೆಕ್ಕ. ಒಂದೂವರೆ ಮಿಲಿಮೀಟರ್ ಅಗಲ ಕೊಯ್ಯುವ ಗರಗಸ 16 ಮಿಲಿಮೀಟರ್ ಆಳಕ್ಕೆ ಇಳಿದರೆ ಐದು ಡಿಗ್ರಿಗಿಂತ ತುಸು ಹೆಚ್ಚು. ನಾಲ್ಕು ಹಾಕಿದರೆ ಅವರ 20 ಡಿಗ್ರಿ ತಿರುವಿಗೆ ಸಾಕು. ತಮ್ಮನ ಗರಗಸ ಕೊಯ್ಯುವುದು ಒಂದೇ ಮಿಲಿಮೀಟರ್. ಕೊಯ್ತಕ್ಕೆ ಮೂರೂವರೆ ಡಿಗ್ರಿ. ನನ್ನ ತಿರುವು 24. ಏಳು ಬೇಕು. ಇಷ್ಟು ಗುಣಾಕಾರ ಭಾಗಾಕಾರವನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಬಹುದಿತ್ತು. ನಾಲ್ಕೇ ಕೊಯ್ತ ಹಾಕಿ ಬಲವಂತವಾಗಿ ಬಾಗಿಸಿದವರ ಹಲಗೆ ಮುರಿದು ‘ಮರ ಸರಿಯಿಲ್ಲ’ ಎಂದು ಬೈದುಕೊಂಡಿರುತ್ತಾರೆ.

ಲೆಕ್ಕ ಗೊತ್ತಿದ್ದೂ ನನ್ನ ಮೊದಲ ಹಲಗೆ ಮುರಿಯಿತು. ಏಳನೇ ಕೊಯ್ತದ ದಾರಿಯಲ್ಲಿ ತೊಗರಿಕಾಳಿನಷ್ಟು ಸಣ್ಣ ಗಂಟೊಂದಿತ್ತು. ನೋಡಿದ್ದೆ, ಕಡೆಗಣಿಸಿದ್ದೆ. ನೀರು ಹೊಯ್ದು, ಹಲಗೆಯ ಎರಡು ತುದಿಗೆ ಹಗ್ಗ ಬಿಗಿದು ಕೋಲು ತಿರುವಿ ಎಳೆಯುತ್ತಿದ್ದೆವು. ಮೊದಲ ಕೊಯ್ತ ಮುಚ್ಚಿತು, ಎರಡನೆಯದು, ಮೂರನೆಯದು. ಬಾಯಿಗಳು ಒಂದೊಂದಾಗಿ ಕೂಡಿಕೊಳ್ಳುವುದನ್ನು ನೋಡುತ್ತಾ ಇಬ್ಬರಿಗೂ ಮಾತು ನಿಂತಿತ್ತು. ಆಮೇಲೆ ಗಂಟಿನ ಹತ್ತಿರ ಬೆರಳು ಮುರಿದಂಥ ಒಂದೇ ಸದ್ದು. ಹೊರಮೈಯ ಎಳೆ ಸೀಳಿ ಮೇಲೆದ್ದಿತ್ತು. ತಮ್ಮ ಹಗ್ಗ ಬಿಟ್ಟು ಕೈ ಒರೆಸಿಕೊಂಡ. ಕಿಟ್‌ನಲ್ಲಿ ಹೆಚ್ಚುವರಿ ಹಲಗೆ ಇಲ್ಲ. ಅನುಭವವಿಲ್ಲದವರಿಗೆ ಮಾರುವ ಸಾಮಾನಿನಲ್ಲಿ, ಅತ್ಯಂತ ಕಷ್ಟದ ಹೆಜ್ಜೆಗೆ, ಅಭ್ಯಾಸಕ್ಕೆಂದು ಒಂದು ತುಂಡು ಮರವನ್ನೂ ಇಡದಿರುವುದಕ್ಕೆ ಒಂದು ಅಂಕ ಕಳೆದಿದ್ದೇನೆ.

ಎರಡನೇ ಹಲಗೆಗೆ ಆತುರಪಡಲಿಲ್ಲ. ಗಂಟಿಲ್ಲದ ಕಡೆ ತಿರುವು ಬರುವಂತೆ ಹಲಗೆಯನ್ನು ಮುಂದಕ್ಕೆ ಸರಿಸಿ ಗುರುತು ಹಾಕಿದೆವು. 190 ಸೆಂಟಿಮೀಟರ್ ಉದ್ದವಿರುವುದರಿಂದ ಸರಿಸಲು ಜಾಗವಿದೆ. ಗರಗಸ 16 ಮಿಲಿಮೀಟರಿಗಿಂತ ಕೆಳಗೆ ಇಳಿಯದಂತೆ ಅದರ ಪಕ್ಕಕ್ಕೊಂದು ಮರದ ಪಟ್ಟಿ ಬಿಗಿದೆವು. ಕೊಯ್ತಗಳ ಮೇಲೆ ದಪ್ಪ ಬಟ್ಟೆ ಹಾಸಿ ಕುದಿನೀರನ್ನು ಮತ್ತೆ ಮತ್ತೆ ಹೊಯ್ಯುತ್ತಾ ಅರ್ಧ ಗಂಟೆ ನೆನೆಸಿದೆವು. ಬಾಗಿಸಲು ಇಪ್ಪತ್ತು ನಿಮಿಷ ತೆಗೆದುಕೊಂಡೆವು. ಏಳನೆಯದು ಮುಚ್ಚಿದಾಗ ಕೋನಮಾಪಕ ಇಟ್ಟೆ. 155. ಒಂದು ಡಿಗ್ರಿ ಹೆಚ್ಚು ಬಾಗಿದೆ, ಒಣಗುವಾಗ ಬಿಡಿಸಿಕೊಳ್ಳುತ್ತದೆ ಎಂದ ತಮ್ಮ. ಮರುದಿನ 156. ಕೊಯ್ತಗಳಿಗೆ ಅಂಟು ತುಂಬಿ, ಒಳಗೊಂದು ಬಟ್ಟೆಯ ಪಟ್ಟಿ ಅಂಟಿಸಿದೆವು.

ಮುರಿದ ಹಲಗೆಯನ್ನು ಎಸೆಯಲಿಲ್ಲ. ಸೀಳಿದ ಭಾಗವನ್ನು ಕೊಯ್ದು ತೆಗೆದು, ಉಳಿದ ಎರಡು ತುಂಡುಗಳ ಅಂಚನ್ನು 12 ಡಿಗ್ರಿಗೆ ಓರೆ ಮಾಡಿ, ಒಳಗೆ ಕಂಬಿಯಂಥ ಒಂದು ಮರದ ಪಟ್ಟಿ ಕೊಟ್ಟು ಬೆಣೆ ಹೊಡೆದೆವು. ಹಾಗಾಗಿ ನನ್ನ ಪೆಟ್ಟಿಗೆಯ ಬಲಭುಜ ಬಾಗಿದ್ದು, ಎಡಭುಜ ಕೂಡಿಸಿದ್ದು. ಎರಡನ್ನೂ ಮಾಡಿದ ಮೇಲೆ ಹೇಳುತ್ತಿದ್ದೇನೆ: ಮೊದಲ ಸಲ ಮಾಡುವವರು ಎರಡೂ ಕಡೆ ಕೂಡಿಸುವುದೇ ಕ್ಷೇಮ. ಗಟ್ಟಿತನದಲ್ಲಿ ಅದಕ್ಕೇನೂ ಕೊರತೆಯಿಲ್ಲ. ಆದರೆ ಕೈ ಸವರಿದಾಗ ಬಲಭುಜದ ಸುಖ ಎಡಭುಜದಲ್ಲಿಲ್ಲ.

ತಲೆಯ ಹಲಗೆ, ಕಾಲಿನ ಹಲಗೆ, ತಳ ಇವುಗಳ ಜೋಡಣೆ ಎರಡು ದಿನದ ಕೆಲಸ. ವಿಶೇಷವೇನಿಲ್ಲ. ಬೆಣೆಯ ತೂತುಗಳನ್ನು ಡ್ರಿಲ್ ಬದಲು ಕೈಯ ಬೈರಿಗೆಯಲ್ಲಿ ಕೊರೆದೆ. ಓರೆ ಮೂಲೆಗಳಲ್ಲಿ ಎಲ್ಲಿಗೆ ಹೋಗುತ್ತಿದೆ ಎಂದು ಕೈಗೆ ತಿಳಿಯುತ್ತದೆ. ಅಂಟು ಒಳ್ಳೆಯದು, ಬಾಟಲಿಯ ಬಾಯಿ ಕೆಟ್ಟದು.

ಹಿಡಿಕೆಯ ಹಗ್ಗಗಳ ಬಗ್ಗೆ ಮತ್ತೆ ಪುಸ್ತಿಕೆಯೊಡನೆ ಜಗಳ. ಒಂದೊಂದು ಪಕ್ಕಕ್ಕೆ ಮೂರರಂತೆ ಆರು ಹಿಡಿಕೆ. ಅವನ್ನು ಪೆಟ್ಟಿಗೆಯ ಉದ್ದಕ್ಕೆ ಸಮಭಾಗ ಮಾಡಿ ಕೂರಿಸಿ ಎನ್ನುತ್ತದೆ. ಮನುಷ್ಯನ ತೂಕ ಉದ್ದಕ್ಕೂ ಸಮನಾಗಿ ಹಂಚಿಲ್ಲವಲ್ಲ! ಎದೆ, ತಲೆ ಭಾರ, ಕಾಲು ಹಗುರ. ನಿಂತ ಮನುಷ್ಯನ ಗುರುತ್ವ ಕೇಂದ್ರ ಪಾದದಿಂದ ಸುಮಾರು 55 ಶೇಕಡಾ ಎತ್ತರದಲ್ಲಿರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದು ತಲೆಯ ಅಂಚಿನಿಂದ 76 ಸೆಂಟಿಮೀಟರಿಗೆ ಬರುತ್ತದೆ, ಪೆಟ್ಟಿಗೆಯ ನಡುಮಧ್ಯ 85ಕ್ಕೆ. ಹಿಡಿಕೆಗಳನ್ನು ಸಮಭಾಗ ಮಾಡಿದರೆ ಮುಂದಿನ ಇಬ್ಬರ ಕೈ ಕಿತ್ತುಬರುತ್ತದೆ, ಹಿಂದಿನವರು ಹಗ್ಗ ಹಿಡಿದು ಹಿಂಬಾಲಿಸುತ್ತಾರೆ. ಮೂರನ್ನೂ ತಲೆಯ ಕಡೆಗೆ ಸರಿಸಿದೆ.

ಪರೀಕ್ಷೆಯನ್ನೂ ಮಾಡಿದೆವು. ಖಾಲಿ ಪೆಟ್ಟಿಗೆ ಮುಚ್ಚಳ ಸೇರಿ 30 ಕಿಲೋ. ಬಿಡಿಬಿಡಿಯಾಗಿ ತೂಗಿ ಕೂಡಿಸಿದ್ದು. ಅದರೊಳಗೆ 60 ಕಿಲೋ ಮರಳನ್ನು ಚೀಲಗಳಲ್ಲಿ ತುಂಬಿ, ಎದೆಯ ಜಾಗಕ್ಕೆ ಹೆಚ್ಚು, ಕಾಲಿನ ಜಾಗಕ್ಕೆ ಕಡಿಮೆ ಇಟ್ಟು ಆರು ಜನ ಎತ್ತಿದೆವು. ಒಬ್ಬೊಬ್ಬರಿಗೆ 15 ಕಿಲೋ. ನಾನೂ ಒಂದು ಹಿಡಿಕೆ ಹಿಡಿದಿದ್ದೆ; ತನ್ನ ಪೆಟ್ಟಿಗೆಗೆ ತಾನೇ ಹೆಗಲಾದವರು ಹೆಚ್ಚಿಲ್ಲ ಎಂದು ಪಕ್ಕದ ಮನೆಯವರು ನಕ್ಕರು. ನಾಲ್ಕನೇ ಹೆಜ್ಜೆಗೆ ನನ್ನ ಎದುರಿನ ಹಿಡಿಕೆಯ ಗಂಟು ತೂತಿನೊಳಗಿಂದ ನುಸುಳಿ ಹೊರಬಂತು. ಹಗ್ಗ 12 ಮಿಲಿಮೀಟರ್, ತೂತು 14. ಹತ್ತಿಯ ಹಗ್ಗ ಭಾರಕ್ಕೆ ಹಿಗ್ಗಿದಾಗ ಗಂಟು ಸಣ್ಣದಾಗುತ್ತದೆ. ಮರಳಾದ್ದರಿಂದ ಬರಿಯ ನಗೆಯಲ್ಲಿ ಮುಗಿಯಿತು. ಆಮೇಲೆ ಪ್ರತಿ ಗಂಟಿನ ಹಿಂದೆ, ನಡುವೆ ತೂತಿರುವ ಮರದ ಬಿಲ್ಲೆಯೊಂದನ್ನು ಸೇರಿಸಿದೆ. ಕಿಟ್ ಕೊಂಡವರು ಹನ್ನೆರಡು ಬಿಲ್ಲೆ ಮಾಡಿಕೊಳ್ಳದೆ ಹಗ್ಗ ಕಟ್ಟಬೇಡಿ. ಮರಳು ತುಂಬಿ ಎತ್ತಿ ನೋಡದೆ ಕೆಲಸ ಮುಗಿಯಿತೆಂದು ಹೇಳಲೂ ಬೇಡಿ.

ಅಗಸೆ ಎಣ್ಣೆ ಹಚ್ಚಿದ ಮೇಲೆ ಪೈನ್ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆದರೆ ಪುಸ್ತಿಕೆಯಲ್ಲಿ ಎಲ್ಲೂ ಇಲ್ಲದ ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಣಗುವಾಗ ಒಳಗೊಳಗೇ ಕಾದು ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಹಲಗೆ ಹೊಟ್ಟು ತುಂಬಿದ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೇಳದಿರುವುದು ಕೋನ ತಪ್ಪು ಹಾಕಿದ್ದಕ್ಕಿಂತ ದೊಡ್ಡ ಅಪರಾಧ. ಪುಸ್ತಿಕೆಗೆ 5 ಕೊಡಬೇಕೆಂದಿದ್ದೆ, ಇಲ್ಲಿಗೆ 4 ಆಯಿತು.

ಹತ್ತರಿ ಹೊಡೆದಾಗ ಉದುರಿದ ಸುರುಳಿಗಳನ್ನು ಮೂರು ಚೀಲದಲ್ಲಿ ಕೂಡಿಟ್ಟಿದ್ದೆ. ತಳಕ್ಕೆ ಅವನ್ನೇ ಹಾಸಿ ಮೇಲೆ ಹತ್ತಿಯ ಬಟ್ಟೆ ಹೊದಿಸಿದೆ. ಕಿಟ್ ಜೊತೆ ಬಂದ ಹಾಸಿಗೆ ನೈಲಾನಿನದು. ಲೋಹವಿಲ್ಲ, ವಾರ್ನಿಷ್ ಇಲ್ಲ ಎಂದು ಹೆಮ್ಮೆಪಟ್ಟು ಕೊನೆಗೆ ನೈಲಾನ್ ಇಡುವುದು ಯಾವ ತರ್ಕವೋ. ಸುರುಳಿಗಳ ಮೇಲೆ ಮಲಗಿ ನೋಡಿದೆ. ಕಿವಿಯ ಹತ್ತಿರ ಅವು ಸಣ್ಣಗೆ ಸದ್ದು ಮಾಡುತ್ತವೆ. ಮೊಣಕೈ ತಾಗಲಿಲ್ಲ.

ಸದ್ಯಕ್ಕೆ ಅದು ಪುಸ್ತಕದ ಕಪಾಟು. ಕಿಟ್‌ನಲ್ಲಿ ಇದಕ್ಕೆಂದೇ ಮೂರು ಅಡ್ಡಹಲಗೆಗಳಿವೆ, ಒಳಗಿನ ಸಣ್ಣ ಗೂಟಗಳ ಮೇಲೆ ಕೂರುತ್ತವೆ, ಬೇಕಾದಾಗ ಒಂದೇ ನಿಮಿಷದಲ್ಲಿ ತೆಗೆಯಬಹುದು. ನಿಲ್ಲಿಸಿದಾಗ ಪಾದದ ಅಗಲ 28 ಸೆಂಟಿಮೀಟರ್, ಭುಜ 58, ಭಾರವೆಲ್ಲ ಮೇಲೆ. ಗೋಡೆಗೆ ಬಿಗಿಯದಿದ್ದರೆ ಯಾರ ಮೇಲಾದರೂ ಬೀಳುತ್ತದೆ. ಬಿಗಿದಿದ್ದೇನೆ. ಕೆಳಗೆ ದಪ್ಪ ಪಠ್ಯಪುಸ್ತಕಗಳು, ಭುಜದಲ್ಲಿ ಕಾದಂಬರಿಗಳು. ಮುಚ್ಚಳ ಮಂಚದ ಕೆಳಗಿದೆ.

ಮುಚ್ಚಳಕ್ಕೆ ಎಂಟು ತೂತು, ಕಿಟ್‌ನಲ್ಲಿ ಎಂಟೇ ಬೆಣೆ. ಒಂದು ಕಳೆದರೆ ಗತಿಯೇನು ಎಂದು ಉಳಿದ ಮರದಲ್ಲಿ ಇನ್ನೆರಡು ಮಾಡಿ, ಹತ್ತನ್ನೂ ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಿನ ಒಳಬದಿಗೆ ಕಟ್ಟಿದ್ದೇನೆ. ಬೆಣೆ ಹೊಡೆಯಲು ಮರದ ಕೊಡತಿ ಬೇಕು, ಕಬ್ಬಿಣದ ಸುತ್ತಿಗೆಯಾದರೆ ತಲೆ ಸೀಳುತ್ತದೆ. ಕಿಟ್‌ನಲ್ಲಿ ಅದಿಲ್ಲ, ಬೇರೆ ಕೊಳ್ಳಬೇಕು. ನನ್ನದು ಕಪಾಟಿನ ಮೇಲಿತ್ತು. ಹೋದ ಭಾನುವಾರ ಬಂದಿದ್ದ ಮಗಳು ಅದನ್ನು ಎತ್ತಿ ಹಿಡಿದು, ‘ಅಮ್ಮ, ಇದು ಎಷ್ಟು ಜೋರಾಗಿ ಹೊಡೆಯಬೇಕು?’ ಎಂದು ಕೇಳಿದಳು. ತೋರಿಸಿದೆ. ಈಗ ಅದು ಅವಳ ಮನೆಯಲ್ಲಿದೆ.